ಈ ಒಂದು ವರ್ಷದ ನಿದ್ದೆಗೆ ಋಣಿ

ನಿನ್ನೆ ಬಿ.ಪಿ. 122/80 ಬಂತು. ಕಳೆದ ವರ್ಷ ಮಾರ್ಚ್‌ನಲ್ಲಿ 158/98 ಇತ್ತು. ಈ ನಡುವೆ ನನ್ನ ಕೈಹಿಡಿದವರ ಮನೆಮನೆಗೆ ಹೋಗಿ ಹೇಳಬೇಕಾದ ಮಾತಿದು. ಅಷ್ಟು ಪುರುಸೊತ್ತು ಸಿಗಲಿಲ್ಲ, ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಮಣಿಪಾಲದ ಹಲ್ಲಿನ ಡಾಕ್ಟರಿಗೆ. ದವಡೆ ನೋವೆಂದು ಹೋದವಳ ಕೈಗೆ ಕನ್ನಡಿ ಕೊಟ್ಟು ಒಳಹಲ್ಲುಗಳನ್ನು ತೋರಿಸಿದರು. ಹಳೆಯ ಅರೆಯುವ ಕಲ್ಲಿನ ಹಾಗೆ ನುಣ್ಣಗೆ ಸವೆದಿದ್ದವು. “ರಾತ್ರಿ ಹಲ್ಲು ಕಡೀತೀರಿ ನೀವು. ಮನೆಯಲ್ಲಿ ಏನಾಗ್ತಾ ಉಂಟು?” ಎಂದರು. ಮೂರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆ ಕುರ್ಚಿಯಲ್ಲೇ ಅತ್ತುಬಿಟ್ಟೆ.

ಮಾವನಿಗೆ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋಗಿತ್ತು. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಸ್ಟೀಲ್ ಲೋಟಕ್ಕೆ ಬಡಿಯುತ್ತಿದ್ದರು. ರಾತ್ರಿ ನಾಲ್ಕೈದು ಸಲ. ಹಗಲಾದರೆ ಸೊಸೈಟಿಯ ಕ್ಯಾಶ್ ಕೌಂಟರ್. ಕೊನೆಕೊನೆಗೆ ಹೋಟೆಲಿನಲ್ಲಿ ಯಾರಾದರೂ ಚಹಾದ ಗ್ಲಾಸಿಗೆ ಚಮಚ ತಾಗಿಸಿದರೂ ನನ್ನ ಎದೆ ಡವಡವ ಎನ್ನುತ್ತಿತ್ತು. ಹೊಟ್ಟೆ ಉರಿ, ಕಲ್ಲಾದ ಕುತ್ತಿಗೆ, ಪದೇಪದೇ ಶೀತ. ಒಂದೊಂದಕ್ಕೂ ಬೇರೆ ಬೇರೆ ಮಾತ್ರೆ ನುಂಗುತ್ತಿದ್ದೆ.

ಆಮೇಲೆ ನೋಡಿದ ಡಾಕ್ಟರು ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲ ಪರೀಕ್ಷಿಸಿದ ಮೇಲೆಯೇ ಮಾತಾಡಿದರು. ‘ಬರೀ ಟೆನ್ಶನ್’ ಎಂದು ಕಳಿಸಲಿಲ್ಲ, ಅದಕ್ಕೂ ಋಣಿ. ಲೋಟ ಸದ್ದಾದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಎಂಬ ಹಾರ್ಮೋನು ಹೊರಟು ಎದೆಬಡಿತ ಏರುತ್ತದೆ. ಬೆನ್ನಿಗೇ ಬರುವ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ತೋಟದಲ್ಲಿ ಹಾವು ಕಂಡರೆ ಇದೇ ನಮ್ಮನ್ನು ಉಳಿಸುವುದು. ಆದರೆ ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕಾದ ಕಾರ್ಟಿಸೋಲ್ ಇಳಿಯದೇ ಹೋದರೆ ನಿದ್ದೆ ಕೆಡುತ್ತದೆ, ಬಿ.ಪಿ. ಸಕ್ಕರೆ ಏರುತ್ತವೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. “ಕರೆಂಟ್ ಹೋದಾಗ ಬೇಕಾದ ಇನ್ವರ್ಟರಿನಲ್ಲಿ ನೀವು ವರ್ಷಗಟ್ಟಲೆ ಮನೆ ನಡೆಸಿದ್ದೀರಿ” ಎಂದರು. ಬಿ.ಪಿ. ಮಾತ್ರೆ ಶುರುವಾಯಿತು. ಈಗಲೂ ತಗೊಳ್ತೇನೆ, ಅವರು ಹೇಳದೆ ನಿಲ್ಲಿಸುವುದಿಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೆ. ಆ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿ, ನನ್ನ ಜೊತೆ ಉಸಿರು ಎಣಿಸಿದಳು: ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಉಸಿರು ನಿಧಾನ ಬಿಟ್ಟಷ್ಟೂ ಎದೆಬಡಿತ ತಗ್ಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಂಗೀ, ನಿನ್ನ ಹೆಸರು ಕೇಳಲು ಮರೆತೆ. ದೇವರು ಒಳ್ಳೆಯದು ಮಾಡಲಿ.

ಉಡುಪಿಯ ಅಜ್ಜರಕಾಡಿನಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ನನ್ನ ಜೊತೆ ನಡೆಯುವ ಟೀಚರಿಗೆ, ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಕೌಂಟರ್ ಬದಲಿಸಿಕೊಟ್ಟ ಸಹೋದ್ಯೋಗಿಗಳಿಗೆ, ಹೋಮ್ ನರ್ಸ್ ಖರ್ಚಿಗೆ ತಿಂಗಳು ತಪ್ಪದೆ ದುಡ್ಡು ಕಳಿಸುವ ಮುಂಬೈಯ ಮೈದುನನಿಗೆ ವಂದನೆ.

ಆದರೆ ಹೆಚ್ಚಿನ ಋಣ ಕುಂದಾಪುರದ ಅತ್ತಿಗೆಯದು. ಮಾತ್ರೆ, ನಡಿಗೆ, ಉಸಿರು ಎಲ್ಲವೂ ಹೌದು. ಆದರೆ ರಾತ್ರಿ ಪಾಳಿ ಹಂಚಿಕೊಳ್ಳುವವರು ಇಲ್ಲದಿದ್ದರೆ ಅವು ಯಾವುದೂ ನನಗೆ ನಾಟುತ್ತಿರಲಿಲ್ಲ. ವಿಷಯ ತಿಳಿದ ಶನಿವಾರವೇ ಬ್ಯಾಗು ಹಿಡಿದು ಬಂದರು. “ನೀ ಮನಿಕೋ, ಅಪ್ಪಯ್ಯನ್ನ ನಾ ಕಾಣ್ತೆ” ಎಂದು ನನ್ನ ಚಾಪೆಯನ್ನು ಒಳಕೋಣೆಗೆ ಎಳೆದು ಹಾಕಿದರು. ಆವತ್ತಿನಿಂದ ವಾರಕ್ಕೆ ಎರಡು ರಾತ್ರಿ ಅವರದು. ಮೊದಮೊದಲು ಅವರು ಇದ್ದರೂ ಲೋಟದ ಸದ್ದಿಗೆ ನಾನೇ ಮೊದಲು ಎದ್ದು ನಿಲ್ಲುತ್ತಿದ್ದೆ. ಅವರು ಬೈದು ವಾಪಸ್ ಮಲಗಿಸುತ್ತಿದ್ದರು.

ಮೊನ್ನೆ ಶನಿವಾರ ರಾತ್ರಿ ಮಾವ ಮೂರು ಸಲ ಲೋಟ ಬಡಿದರಂತೆ. ಬೆಳಿಗ್ಗೆ ಗಂಜಿ ಬಡಿಸುವಾಗ ಅತ್ತಿಗೆ ಹೇಳಿಯೇ ನನಗೆ ಗೊತ್ತಾದದ್ದು.