ಹಿಂದಿನ ಕೋಣೆ

ತಮ್ಮಾ,

ಕಥೆ ಎರಡು ಸಲ ಓದಿದೆ. ಭಾಷೆ ನಿನ್ನ ಕೈಗೆ ಹತ್ತಿದೆ. ತಕರಾರು ಒಂದೇ ಕಡೆ. ನಾಯಕಿಯ ಗೆಳತಿ ಆ ಪೆದ್ದ ಇಂಜಿನಿಯರನ್ನು ಒಪ್ಪಿಕೊಳ್ಳುತ್ತಾಳಲ್ಲ, ಅಲ್ಲಿ ‘ಅವಳು ತನ್ನನ್ನು ಮಾರಿಕೊಂಡಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ತೀರ್ಪು ಕೊಟ್ಟೆ, ಲೆಕ್ಕ ಕೊಡಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ ಬಿಡು. ನನ್ನ ನಾಯಕಿ ಮಂಟಪದಲ್ಲೇ ಎರಡು ಪುಟ ಭಾಷಣ ಬಿಗಿದಿದ್ದಳು.

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಮತ್ತೊಮ್ಮೆ ತೆಗೆ. ನಾಯಕಿ ಎಲಿಜಬೆತ್, ನಾಯಕ ಡಾರ್ಸಿ ಹಾಗಿರಲಿ, ಎಲಿಜಬೆತ್‌ಳ ಗೆಳತಿ ಶಾರ್ಲೆಟ್ ಲ್ಯೂಕಸ್ ಬಂದಲ್ಲಿ ನಿಧಾನ ಮಾಡು. ಅವಳಿಗೆ 27. ಹೇಳಿಕೊಳ್ಳುವಂಥ ರೂಪವಿಲ್ಲ, ಗಂಟೂ ಇಲ್ಲ. ಪಾದ್ರಿ ಕಾಲಿನ್ಸ್ ಎಲಿಜಬೆತ್‌ಳಿಂದ ಒಲ್ಲೆ ಅನ್ನಿಸಿಕೊಂಡು, ಮೂರು ದಿನ ಕಳೆಯುವುದರೊಳಗೆ ಇವಳನ್ನು ಕೇಳುತ್ತಾನೆ. ಅವನೆಂಥ ಪೆದ್ದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಹೂಂ ಅನ್ನುತ್ತಾಳೆ. ಅಕ್ಕ ಮದುವೆಯಾಗದೆ ಉಳಿದುಬಿಡುತ್ತಾಳೆಂದು ಹೆದರಿದ್ದ ತಮ್ಮಂದಿರಿಗೆ ನಿರಾಳ. ತಮ್ಮ ಸರದಿ ಒಂದೆರಡು ವರ್ಷ ಮುಂಚೆ ಬಂತೆಂದು ತಂಗಿಯರಿಗೆ ಖುಷಿ. ನಾವು ಶಾರ್ಲೆಟ್‌ಳನ್ನು ಬೈಯಲು ಬಾಯಿ ತೆರೆಯುವ ಮೊದಲೇ ಆ ಮನೆಯವರ ನಿಟ್ಟುಸಿರು ಕಿವಿಗೆ ಬಿದ್ದಿರುತ್ತದೆ.

(ಆಸ್ಟಿನ್ ಕೂಡ 1802ರ ಡಿಸೆಂಬರಿನಲ್ಲಿ ಆಸ್ತಿವಂತನೊಬ್ಬನಿಗೆ ಸಂಜೆ ಒಪ್ಪಿ, ಬೆಳಗಾಗುತ್ತಲೇ ಬೇಡವೆಂದವಳು. 27 ತುಂಬಲು ಎರಡು ವಾರವಿತ್ತು.)

ಮುಂದೆ ಎಲಿಜಬೆತ್ ಗೆಳತಿಯ ಸಂಸಾರ ನೋಡಲು ಹೋಗುತ್ತಾಳೆ. ಊಟದ ಕೋಣೆ ದೊಡ್ಡದು, ಕಿಟಕಿಯ ನೋಟವೂ ಚೆನ್ನ. ಆದರೂ ಶಾರ್ಲೆಟ್ ದಿನಾ ಕೂರುವುದು ಹಿಂದಿನ ಕೋಣೆಯಲ್ಲಿ. ಮುಂದೆ ಕೂತರೆ ಗಂಡನೂ ಬಂದು ಜೊತೆಗೆ ಕೂರುತ್ತಾನೆ! ಅವಳು ಪಡೆದದ್ದು, ಕಳೆದುಕೊಂಡದ್ದು ಎಲ್ಲ ಆ ಕೋಣೆಯಲ್ಲಿದೆ. ನಲವತ್ತು ವರ್ಷದಿಂದ ಇಂಥದೊಂದು ಕೋಣೆ ಬರೆಯಬೇಕೆಂದು ಒದ್ದಾಡುತ್ತಿದ್ದೇನೆ.

ಆನ್ ಬ್ರಾಂಟೆಯ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ (1848) ಬೇರೆ ಜಾತಿಯದು. ಕುಡುಕ ಗಂಡನ ಮನೆಯಿಂದ ಮಗನನ್ನು ಕರೆದುಕೊಂಡು ಹೋಗಿ, ಚಿತ್ರ ಬರೆದು ಮಾರಿ ಬದುಕಬೇಕೆಂಬುದು ಹೆಲೆನ್ ಯೋಚನೆ. ದಿನಚರಿ ಓದಿ ಗಂಡ ಅದನ್ನು ಪತ್ತೆ ಹಚ್ಚುತ್ತಾನೆ. ಬೀಗದ ಕೈ ಕಿತ್ತುಕೊಂಡು, ಬಣ್ಣ, ಕುಂಚ ಎಲ್ಲವನ್ನೂ ಬೆಂಕಿಗೆ ಹಾಕುತ್ತಾನೆ. ಅಂದಿನ ಇಂಗ್ಲೆಂಡಿನಲ್ಲಿ ಹೆಂಡತಿಯ ದುಡಿಮೆಯ ಹಣವೂ ಕಾನೂನಿನಂತೆ ಗಂಡನದೇ. ಅದು ಅವಳದಾಗಲು 1870ರ ಕಾಯ್ದೆ ಬರಬೇಕಾಯಿತು. ಬ್ರಾಂಟೆ ಅಲ್ಲಿ ಕಾನೂನು ಹೇಳುತ್ತಾ ಕೂರುವುದಿಲ್ಲ. ಎಣ್ಣೆ, ಟರ್ಪೆಂಟೈನ್ ಭುಸುಗುಟ್ಟುತ್ತ ಚಿಮಣಿಯೊಳಗೆ ಏರಿದ್ದನ್ನು ತೋರಿಸುತ್ತಾಳೆ.

ಇನ್ನು ಜಾರ್ಜ್ ಎಲಿಯಟ್‌ಳ ‘ಮಿಡಲ್‌ಮಾರ್ಚ್’ (1871–72). ಪಂಡಿತ ಕಸಾಬನ್ ಸಾಯುವ ಮೊದಲು ಉಯಿಲಿಗೊಂದು ಬಾಲ ಅಂಟಿಸಿರುತ್ತಾನೆ: ಹೆಂಡತಿ ಡೊರೊಥಿಯಾ ಕಸಾಬನ್‌ನ ಎಳೆಯ ಬಂಧು ಲ್ಯಾಡಿಸ್ಲಾನನ್ನು ಮದುವೆಯಾದರೆ ಆಸ್ತಿ ಇಲ್ಲ. ಅವಳು ಆಸ್ತಿ ಬಿಟ್ಟು ಅವನನ್ನೇ ಮದುವೆಯಾಗುತ್ತಾಳೆ. ಭೇಷ್ ಅನ್ನು, ಆದರೆ ಅವಳಿಗೆ ತವರಿನ ಕಡೆಯಿಂದ ವರ್ಷಕ್ಕೆ 700 ಪೌಂಡ್ ಬರುತ್ತಿತ್ತು ಎಂಬುದನ್ನೂ ಗುರುತು ಹಾಕಿಕೋ. ಶಾರ್ಲೆಟ್‌ಗೆ ಯಾರು ಕೊಟ್ಟರು?

ಕಸಾಬನ್ ನಮ್ಮಲ್ಲೂ ಇದ್ದ, ಕಾಯ್ದೆಯ ರೂಪದಲ್ಲಿ. ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟ 1856ರ ಕಾಯ್ದೆಯೇ, ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲ ಎಂದೂ ಬರೆದಿತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಓದಿರುತ್ತೀಯ. ಆ ಬಾಲವಿಧವೆ ಮನೆ ಬಿಟ್ಟು, ವಿದ್ಯೆ ಕಲಿತು, ಭಾಸ್ಕರನ ಕೈ ಹಿಡಿಯುವುದನ್ನು ಈ ಕಾಯ್ದೆಯ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದು.

ಈಗ ನಿನ್ನ ಹುಡುಗಿಯ ವಿಷಯ. ಅವಳ ಸಂಬಳ ಯಾರ ಖಾತೆಗೆ ಹೋಗುತ್ತಿತ್ತು? ಅಪ್ಪನ ಮನೆ ಯಾರ ಹೆಸರಿನಲ್ಲಿದೆ? ನಿಶ್ಚಿತಾರ್ಥದ ರಾತ್ರಿ ಅವಳ ತಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದನೇ? ಎಲ್ಲವನ್ನೂ ಬರೆಯಬೇಕಿಲ್ಲ, ನಿನಗೆ ಗೊತ್ತಿರಲಿ. ‘ಮಾರಿಕೊಂಡಳು’ ಅನ್ನುವ ಸಾಲು ಹೊಡೆದುಹಾಕು. ಆ ಇಂಜಿನಿಯರನ ಮನೆಯಲ್ಲಿ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳು ಎಲ್ಲಿ ಹೋಗಿ ಕೂರುತ್ತಾಳೆ, ಅದನ್ನು ಬರೆದು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ಹೊಸ ಕನ್ನಡಕ ಇನ್ನೂ ಬಂದಿಲ್ಲ.

ನಿನ್ನ
ಅಕ್ಕ