ಸಂತ್ರಸ್ತರ ಮನೆ ಬಾಡಿಗೆ ಹಣ ಬಿಡುಗಡೆ ಮಾಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು ಕಡೆಗಳಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ, ಹೊಸ ಮನೆ ಕೈಸೇರುವವರೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಸಹಾಯ ನೀಡುವುದಾಗಿ ಸರ್ಕಾರ ಹೇಳಿತ್ತು. ಆ ಮಾತನ್ನು ನಂಬಿ ನನ್ನ ಮನೆಯ ಮಹಡಿಯನ್ನು ಅಂಥ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟವನು ನಾನು. ಅನಂತರ ಇನ್ನೊಂದು ಮಳೆಗಾಲವೂ ಮುಗಿದು ಈಗ ಕಾಫಿ ಕೊಯ್ಲು ಶುರುವಾಗಿದೆ. ಆದರೆ ಹಲವು ತಿಂಗಳ ಬಾಡಿಗೆ ಹಣ ಅವರ ಖಾತೆಗೆ ಬಂದಿಲ್ಲ. ಬಾಕಿ ಹಣವನ್ನು ಬಿಡುಗಡೆ ಮಾಡಿಸಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ.

ಸಹಾಯಧನದ ನಿಯಮಗಳು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಹಣ ಸಂತ್ರಸ್ತರ ಖಾತೆಗೆ ಜಮೆಯಾಗಬೇಕು, ಅವರು ಅದನ್ನು ತೆಗೆದು ಮಾಲೀಕರಿಗೆ ಕೊಡಬೇಕು. ಹಣ ಏಕೆ ನಿಂತಿದೆ, ಯಾವ ಮೇಜಿನ ಮೇಲೆ ನಿಂತಿದೆ ಎಂದು ಕೇಳುವ ಹಕ್ಕು ಈ ವ್ಯವಸ್ಥೆಯಲ್ಲಿ ಮನೆ ಮಾಲೀಕನಿಗೆ ಇಲ್ಲ. ಕೇಳಬೇಕಾದವರು ಬಾಡಿಗೆದಾರರು. ಅವರೋ, ಒಂದು ದಿನ ಕಚೇರಿಗೆ ಹೋದರೆ ಆ ದಿನದ ಕೂಲಿಯನ್ನೇ ಕಳೆದುಕೊಳ್ಳುವವರು.

ನಾನು ನಿವೃತ್ತ ಶಿಕ್ಷಕ. ಮಹಡಿ ಕಟ್ಟಿಸಲು ಮಾಡಿದ ಸಾಲದ ಕಂತು ಪ್ರತಿ ತಿಂಗಳ ಮೊದಲ ವಾರದಲ್ಲೇ ಖಾತೆಯಿಂದ ಕಡಿತವಾಗುತ್ತದೆ. ಸರ್ಕಾರದ ಹಣ ಬಂದಿಲ್ಲವೆಂದು ಬ್ಯಾಂಕಿನವರು ಕಾಯುವುದಿಲ್ಲ. ಬಾಡಿಗೆ ನಿಂತ ಮೇಲೆ ಪಿಂಚಣಿಯಲ್ಲಿ ಕಂತು ಕಟ್ಟಿ, ಉಳಿದದ್ದರಲ್ಲಿ ನನ್ನ ಹೆಂಡತಿಯ ಔಷಧಿ, ಮನೆಯ ಖರ್ಚು ನೋಡಿಕೊಳ್ಳುತ್ತಿದ್ದೇನೆ. ಹೀಗಿದ್ದರೂ ಮಹಡಿಯ ಮನೆಯವರನ್ನು ಖಾಲಿ ಮಾಡಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಮಕ್ಕಂದೂರು ಕಡೆ ಸ್ವಂತ ಕಾಫಿ ತೋಟ ಇದ್ದವರು ಅವರು. ಈಗ ಆ ಮನೆಯ ಹೆಣ್ಣುಮಗಳು ಬೇರೆಯವರ ತೋಟಕ್ಕೆ ಕೊಯ್ಲಿಗೆ ಹೋಗುತ್ತಾರೆ. ಈಚೆಗೆ ಒಂದು ಶನಿವಾರ ಸಂಜೆ, ಕಾಫಿ ಹಣ್ಣಿನ ಅಂಟು ಕೈಯಿಂದ ಇನ್ನೂ ಹೋಗಿರಲಿಲ್ಲ, ವಾರದ ಕೂಲಿಯನ್ನು ತಂದು ಜಗಲಿಯ ಮೇಲಿಟ್ಟು, "ಮೇಷ್ಟ್ರೇ, ಸದ್ಯಕ್ಕೆ ಇದನ್ನಾದರೂ ಇಟ್ಟುಕೊಳ್ಳಿ" ಎಂದರು. ನಾನು ಅದನ್ನು ಮುಟ್ಟಲಿಲ್ಲ. ಸರ್ಕಾರ ಕೊಡಬೇಕಾದ ಹಣಕ್ಕೆ ಮನೆ ಕಳೆದುಕೊಂಡ ಹೆಂಗಸು ನನ್ನೆದುರು ತಲೆ ತಗ್ಗಿಸಿ ನಿಲ್ಲುವಂತಾಗಿದೆ, ಇದಕ್ಕೆ ಯಾರು ಹೊಣೆ?

ಮರುವಾರ ಅವರ ಜೊತೆ ನಾನೂ ಸಂಬಂಧಪಟ್ಟ ಕಚೇರಿಗೆ ಹೋದೆ. ಬಾಡಿಗೆ ಕರಾರು, ಮನೆ ಕಂದಾಯದ ರಸೀದಿ, ಆಧಾರ್ ಮತ್ತು ಪಾಸ್‌ಬುಕ್ಕಿನ ನಕಲು ಎಲ್ಲವನ್ನೂ ಮೊದಲೇ ಕೊಟ್ಟಿದ್ದರೂ ಇನ್ನೊಮ್ಮೆ ಕೇಳಿದರು, ಕೊಟ್ಟೆವು. ಮಧ್ಯಾಹ್ನದವರೆಗೆ ಕಾಯಿಸಿದ ಬಳಿಕ ಅಲ್ಲಿನ ಸಿಬ್ಬಂದಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಹಣ ಬೇಗ ಬೇಕಾದರೆ ಇವರ ಸಾಮಾನು ಹೊರಗೆ ಹಾಕಿ ಒಂದು ಫೋಟೊ ತೆಗೆಸಿ ಪೇಪರಿಗೆ ಕೊಡಿ, ಫೈಲು ತಾನಾಗಿ ಓಡುತ್ತದೆ" ಎಂದರು. ಒಮ್ಮೆ ಮಣ್ಣಿನಡಿಯಲ್ಲಿ ಸಾಮಾನು ಕಳೆದುಕೊಂಡವರ ಪಾತ್ರೆ, ಹಾಸಿಗೆಗಳನ್ನು ನಾನು ನನ್ನ ಕೈಯಾರೆ ಬೀದಿಗೆ ಎಸೆಯಬೇಕಂತೆ! ಸ್ವಾಮಿ, ಸರ್ಕಾರಿ ಸಂಬಳ ಪಡೆಯುವವರು ಆಡುವ ಮಾತೇ ಇದು? ಮನೆಗೆ ಬಂದ ಮೇಲೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಇಷ್ಟು ದಿನ ಸುಮ್ಮನಿದ್ದವನು ಬರೆಯಲು ಕುಳಿತದ್ದು ಅದೇ ಕಾರಣಕ್ಕೆ.

ಅಮೆರಿಕದಲ್ಲಿ 1974ರಲ್ಲಿ ಆರಂಭವಾದ 'ಸೆಕ್ಷನ್ 8' ಎಂಬ ಬಾಡಿಗೆ ಸಹಾಯ ಇದೆ. ಅಲ್ಲಿ ಬಾಡಿಗೆದಾರರು ತಮ್ಮ ಆದಾಯದ ಸುಮಾರು ಶೇ 30ರಷ್ಟನ್ನು ಕೊಟ್ಟರೆ, ಉಳಿದದ್ದನ್ನು ಸ್ಥಳೀಯ ವಸತಿ ಪ್ರಾಧಿಕಾರವು ಮಾಲೀಕನೊಂದಿಗೆ ಕರಾರು ಮಾಡಿಕೊಂಡು ನೇರವಾಗಿ ಅವನಿಗೇ ಪಾವತಿಸುತ್ತದೆ. ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಬೇಕೆಂದು ನಾನು ಕೇಳುತ್ತಿಲ್ಲ. ತಿಂಗಳ 10ನೇ ತಾರೀಕಿನೊಳಗೆ ಹಣ ಬರಲಿ, ಬಾರದಿದ್ದರೆ ಏಕೆ ಬಂದಿಲ್ಲ ಎಂಬುದನ್ನು ಬಾಡಿಗೆದಾರರಿಗೂ ಮಾಲೀಕರಿಗೂ ಲಿಖಿತವಾಗಿ ತಿಳಿಸಲಿ. ಮೊದಲು ಬಾಕಿ ಬಿಡುಗಡೆಯಾಗಲಿ.

ಇದು ನನ್ನೊಬ್ಬನ ಬಾಕಿಯ ವಿಷಯವೆಂದು ತಾವು ಭಾವಿಸಬಾರದು. ನಮ್ಮ ಪಟ್ಟಣದಲ್ಲಿ ಈಗಾಗಲೇ ಮನೆ ಕೇಳಿಕೊಂಡು ಬಂದವರು ಸಂತ್ರಸ್ತರೆಂದು ಗೊತ್ತಾದರೆ "ಖಾಲಿ ಇಲ್ಲ" ಎನ್ನುವ ಮಾಲೀಕರಿದ್ದಾರೆ. ಅವರನ್ನು ಕಲ್ಲುಹೃದಯದವರೆಂದು ಬೈಯುವುದು ಸುಲಭ, ಆದರೆ ಅವರಿಗೂ ಸಾಲದ ಕಂತುಗಳಿವೆ. ಈ ವರ್ಷದ ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಘೋಷಿಸಿರುವ ಬಾಡಿಗೆ ಸಹಾಯ ತಿಂಗಳಿಗೆ 5,000 ರೂಪಾಯಿ. ಅದು ಕೂಡ ಹೀಗೆಯೇ ತಡವಾದರೆ, ಈ ವರ್ಷ ಗುಡ್ಡ ಕುಸಿದ ತೋರ ಗ್ರಾಮದಿಂದ ಬಂದವರಿಗೆ ಮನೆ ಕೊಡುವವರು ಯಾರು? ಜಂಬೂರಿನಲ್ಲಿ ಸಂತ್ರಸ್ತರಿಗಾಗಿ ಎರಡು ಮಲಗುವ ಕೋಣೆಗಳ ಮನೆಗಳು ಏಳುತ್ತಿರುವುದನ್ನು ನೋಡಿದ್ದೇನೆ, ಸಂತೋಷವಾಗಿದೆ. ಆದರೆ ಅವುಗಳ ಬೀಗದ ಕೈ ಸಿಗುವವರೆಗೆ ಆ ಜನ ಇರಬೇಕಾದದ್ದು ನಮ್ಮಂಥವರ ಮನೆಗಳಲ್ಲೇ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ. ಬಾಕಿ ಇರುವ ಬಾಡಿಗೆ ಸಹಾಯವನ್ನು ಈ ತಿಂಗಳೊಳಗೆ ಪೂರ್ತಿಯಾಗಿ ಬಿಡುಗಡೆ ಮಾಡಿಸಿ. ಹೊಸ ಮನೆ ಹಸ್ತಾಂತರವಾಗುವವರೆಗೆ ಅದು ಒಂದು ತಿಂಗಳೂ ತಪ್ಪದಂತೆ ಆದೇಶ ಮಾಡಿಸಿ, ಅದರ ಪ್ರತಿಯನ್ನು ಪ್ರತಿ ಸಂತ್ರಸ್ತ ಕುಟುಂಬಕ್ಕೂ ಕೊಡಿಸಿ.

ಇಂತಿ,
ಬಾಡಿಗೆಗೆ ಮನೆ ಕೊಟ್ಟಿರುವ ಒಬ್ಬ ನಿವೃತ್ತ ಶಿಕ್ಷಕ
ಕೊಡಗು, ಡಿಸೆಂಬರ್ 2019