ಮಕ್ಕಳ ಚಿತ್ರದ ಪಕ್ಕದ ಬರಹವನ್ನೂ ಪ್ರಿಂಟ್ ಮಾಡಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರ ನಿಮ್ಮ ಪೇಪರ್‌ನಲ್ಲಿ ಮಕ್ಕಳು ಬರೆದ ಚಿತ್ರಗಳನ್ನ ಹಾಕ್ತೀರಲ್ಲ, ಆ ಪುಟದ ಬಗ್ಗೆ ಒಂದು ಮಾತು. ಪುಟ ಚೆನ್ನಾಗಿದೆ, ದಯವಿಟ್ಟು ನಿಲ್ಲಿಸಬೇಡಿ. ಆದ್ರೆ ಅಲ್ಲಿ ಬರೋದು ಚಿತ್ರ, ಕೆಳಗೆ ಹೆಸರು, ಕ್ಲಾಸು, ಊರು, ಅಷ್ಟೇ. ಮಗು ಚಿತ್ರದ ಪಕ್ಕದಲ್ಲಿ ಏನಾದ್ರೂ ಬರೆದಿದ್ರೆ ಅದು ಓದೋರಿಗೆ ಕಾಣೋದೇ ಇಲ್ಲ. ಬರೆದಿದ್ರೆ ಅದನ್ನೂ ಹಾಕಿ, ಬರೆದಿಲ್ಲ ಅಂದ್ರೆ ನಾಲ್ಕು ಸಾಲು ಬರೆದು ಕಳಿಸಿ ಅಂತ ಕೇಳಿ, ನನ್ನ ಪತ್ರದ ವಿಷಯ ಇಷ್ಟೇ, ಆದ್ರೆ ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅಕ್ಕನ ಮಗಳು ನಾಲ್ಕನೇ ಕ್ಲಾಸು. ದಸರಾ ರಜಕ್ಕೆ ಊರಿಗೆ ಹೋಗಿದ್ದಾಗ ಕೊಟ್ಟಿಗೆ ಹತ್ರ ನಿಂತಿದ್ದ ಕೋಳಿ ಚಿತ್ರ ಬರೆದ್ಲು. ಕೋಳಿ ಅಷ್ಟೇನೂ ಕೋಳಿ ಥರ ಇಲ್ಲ ಬಿಡಿ, ಬಾಲ ನವಿಲಿಂದು. ಆದ್ರೆ ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಹಿಂಗೆ ಬರೆದಿದ್ಲು: "ಇದು ಒಂದೇ ಕಾಲಲ್ಲಿ ನಿಂತಿತ್ತು. ಇನ್ನೊಂದು ಕಾಲು ಪುಕ್ಕದ ಒಳಗೆ. ಅಜ್ಜಿ ಕೇಳಿದ್ರೆ ಚಳಿಗೆ ಅಂದ್ರು. ಚಳಿ ಇರಲಿಲ್ಲ." ಕಣ್ಣಾರೆ ನೋಡಿದ್ದಾಳೆ, ದೊಡ್ಡವರನ್ನ ಕೇಳಿದ್ದಾಳೆ, ಅವರು ಹೇಳಿದ್ದು ಸರಿ ಅನ್ನಿಸಿಲ್ಲ ಅಂತ ನೇರವಾಗಿ ಬರೆದೂ ಇದ್ದಾಳೆ, ಇಷ್ಟೆಲ್ಲ ನಾಲ್ಕು ಸಾಲಲ್ಲಿ. ಆಮೇಲೆ ಸ್ಕೂಲಿನ ವಸ್ತುಪ್ರದರ್ಶನಕ್ಕೆ ತಗೊಂಡು ಹೋದ್ರೆ, ಚಿತ್ರದ ಮೇಲೆ ಗೀಚಬಾರದು ಅಂತ ರಬ್ಬರ್ ಕೊಟ್ಟು ಅಳಿಸಿದ್ರಂತೆ. "ಮಾಮ, ಕೋಳಿ ಹಂಗೇ ಇದೆ, ಕಾಲಿಂದು ಹೋಯ್ತು" ಅಂದ್ಲು.

ಮೇಷ್ಟ್ರುಗಳನ್ನ ಬೈಯೋಕೆ ಬರೀತಿಲ್ಲ, ಅವರಿಗೂ ಹಂಗೇ ಹೇಳ್ಕೊಟ್ಟಿರ್ತಾರೆ. ವಿಚಿತ್ರ ಏನಂದ್ರೆ ನಮ್ಮ ಸೈನ್ಸ್ ರೆಕಾರ್ಡ್ ಬುಕ್ ಇದ್ಯಲ್ಲ, ಒಂದು ಕಡೆ ಬಿಳಿ ಹಾಳೆ ಇನ್ನೊಂದು ಕಡೆ ಗೆರೆ ಹಾಳೆ, ಚಿತ್ರ ಮತ್ತು ಬರಹ ಎದುರುಬದುರು ಕೂತಿರ್ತವೆ, ಅದಕ್ಕಿಂತ ಒಳ್ಳೇ ಏರ್ಪಾಟು ಯಾವ ಕಾಸ್ಟ್ಲಿ ಸ್ಕೆಚ್‌ಬುಕ್‌ನಲ್ಲೂ ಇಲ್ಲ. ಆದ್ರೆ ನಾವು ಅದರಲ್ಲಿ ಮಾಡಿದ್ದೇನು? ಹೋದ ವರ್ಷದ ಸೀನಿಯರ್ ರೆಕಾರ್ಡ್ ಇಸ್ಕೊಂಡು ಎರಡೂ ಕಡೆ ಕಾಪಿ. ಹೂವಿನ ನೀಳಛೇದ ಅಂದ್ರೆ ಪಠ್ಯಪುಸ್ತಕದ ಹೂವೇ, ಅಂಗಳದಲ್ಲಿ ದಾಸವಾಳ ಇದ್ರೂ ಯಾರೂ ಬ್ಲೇಡ್ ತಗೊಂಡು ಸೀಳಿ ನೋಡಲ್ಲ. ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂದ್ರೆ ಗುರುತಿಸ್ತೀವಿ, ಅಷ್ಟಕ್ಕೆ ಮಾರ್ಕ್ಸ್ ಬರುತ್ತೆ. ನೀನು ನೋಡಿದ ಹೂವಲ್ಲಿ ಇರುವೆ ಇತ್ತಾ, ಒಂದು ಎಸಳು ಹರಿದಿತ್ತಾ, ಅದನ್ನ ಬರೆಯೋಕೆ ಜಾಗವೂ ಇಲ್ಲ, ಬರೆದ್ರೆ ಕೆಂಪು ಪೆನ್ನು.

ನಾನು ಶಿವಮೊಗ್ಗದವನು, ದೊಡ್ಡ ಕಲಾವಿದ ಅಲ್ಲ, ರಜೆ ಇದ್ದಾಗ ತುಂಗಾ ದಂಡೆಲಿ ಕೂತು ಪೆನ್ನಲ್ಲಿ ಗೀಚ್ತೀನಿ. ನಮ್ಮೂರಲ್ಲಿ ಕೋರ್ಪಲಯ್ಯನ ಛತ್ರದ ಹತ್ರ ಹೊಳೆ ಒಳಗೆ ಒಂದು ಕಲ್ಲಿನ ಮಂಟಪ ಇದೆ. ಅದು ಮುಳುಗಿದ್ರೆ ಹೊಳೆ ತುಂಬ್ತು ಅಂತ ಲೆಕ್ಕ, ಪ್ರತಿ ಮಳೆಗಾಲ ನಿಮ್ಮ ಪೇಪರ್‌ನಲ್ಲೂ ಅದರ ಫೋಟೋ ಬರುತ್ತೆ. ನನ್ನ ಗೆಳೆಯರೊಬ್ಬರು ಇದೇ ಮಂಟಪವನ್ನ ನಂಗಿಂತ ಎಷ್ಟೋ ಚೆನ್ನಾಗಿ ಬರೀತಾರೆ, ಅವರ ಮನೇಲಿ ಮಂಟಪದ ಚಿತ್ರ ಕಟ್ಟುಗಟ್ಟಲೆ ಇದೆ, ಕಂಬ ಪೂರ್ತಿ ಕಾಣೋದು, ಅರ್ಧ ಕಾಣೋದು, ಬರೀ ತಲೆ ಕಾಣೋದು, ಎಲ್ಲ ಇದೆ, ಯಾವ ವರ್ಷದ್ದು ಅಂದ್ರೆ ಮಾತ್ರ ಅವರೂ ನಾನೂ ತಲೆ ಕೆರ್ಕೋಬೇಕು. ನನ್ನ ಪುಸ್ತಕದಲ್ಲಿ 2019ರ ಆಗಸ್ಟ್‌ದೊಂದು ಪುಟ ಇದೆ, ಊರೊಳಗೇ ನೀರು ನುಗ್ಗಿತ್ತಲ್ಲ ಆಗಿಂದು. ಚಿತ್ರ ಏನೂ ಅಲ್ಲ, ಮಳೇಲಿ ಇಂಕ್ ಹರಡಿದೆ, ನಾಲ್ಕು ಗೆರೆ. ಪಕ್ಕದಲ್ಲಿ ಬರೆದಿರೋದು: ಮಂಟಪ ಎಲ್ಲಿದೆ ಅಂತ ನೀರು ಸುತ್ತೋದ್ರಿಂದ್ಲೇ ಗೊತ್ತಾಗ್ಬೇಕು, ನೀರು ಜೋನಿಬೆಲ್ಲದ ಬಣ್ಣ, ಸೇತುವೆ ಮೇಲೆ ನಿಲ್ಲೋಕೆ ಪೊಲೀಸ್ರು ಬಿಡ್ತಿಲ್ಲ, ಸೀಟಿ ಊದ್ತಾನೇ ಇದಾರೆ, ಅಜ್ಜಿಯೊಬ್ರು ಅದರ ಮಧ್ಯೆನೇ ಅರಿಶಿನ ಕುಂಕುಮ ಹೂವು ಎಸೆದು ಹೋದ್ರು, ಒಂದು ಹಳದಿ ಬಿಂದಿಗೆ ತೇಲಿ ಬಂತು. ಫೋಟೋನೂ ತೆಗೆದಿದ್ದೆ ಅವತ್ತು, ಆ ಫೋನು ಈಗಿಲ್ಲ, ಇದ್ದಿದ್ರೂ ಸೀಟಿ ಅದರಲ್ಲಿ ಎಲ್ಲಿ ಕೇಳ್ಬೇಕು.

ಇದೇನು ಹೊಸ ಫ್ಯಾಷನ್ ಅಲ್ಲ. ನಮ್ಮೂರಲ್ಲೇ 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಅಂತ ಸ್ಕಾಟ್ಲೆಂಡಿನ ಡಾಕ್ಟ್ರೊಬ್ರು ಕೆಲಸದ ಮೇಲಿದ್ರು, ದಿನಕ್ಕೊಂದು ಗಿಡ ಕೈಗೆ ತಗೊಂಡು ನೋಡೋದು ಅವರ ರೂಢಿ, ನೋಡಿದ್ದನ್ನ ಒಬ್ಬ ಮರಾಠಿ ಚಿತ್ರಕಾರನ ಕೈಲಿ ಬರೆಸೋರು, ತಾವು ಟಿಪ್ಪಣಿ ಸೇರಿಸೋರು. ನಮ್ಮ ಮಲೆನಾಡಿನ ಆ ಗಿಡಗಳ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಕೂತಿವೆ. ಶಿವಮೊಗ್ಗದ ಸ್ಕೂಲುಗಳಲ್ಲಿ ಇದನ್ನ ಯಾರೂ ಹೇಳಲ್ಲ, ಅದು ಬೇರೆ ಸಂಕಟ. ಫ್ರಾನ್ಸಿನ ಪೇಂಟರ್ ಡೆಲಾಕ್ರ್ವಾ 1832ರಲ್ಲಿ ಮೊರಾಕ್ಕೋಗೆ ಹೋದಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಸರಸರ ಗೀಚಿ, ಇಲ್ಲಿ ಯಾವ ಬಣ್ಣ, ಬೆಳಕು ಹೆಂಗಿತ್ತು ಅಂತ ಪಕ್ಕದಲ್ಲೇ ಬರ್ಕೊಂಡ್ರು, ಆರು ತಿಂಗಳ ಆ ಓಡಾಟದ ಪುಸ್ತಕಗಳನ್ನ ಇಟ್ಕೊಂಡು 1863ರಲ್ಲಿ ಸಾಯೋವರೆಗೂ ಆ ಕಡೆಯ ಚಿತ್ರ ಬರೀತಾನೇ ಇದ್ರು. ಡಾರ್ವಿನ್ 1837ರಲ್ಲಿ ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಜೀವಿಗಳು ಹೆಂಗೆ ಕವಲೊಡೆದ್ವು ಅಂತ ತೋರಿಸೋಕೆ ಕೊಂಬೆ ಕೊಂಬೆಯಾಗಿ ಒಡೆಯೋ ಮರದ ಗೀಚು ಹಾಕಿ ಮೇಲೆ "ನಂಗನ್ಸುತ್ತೆ" ಅಂತ ಬರೆದು ಬಿಟ್ಟಿದ್ದಾರೆ. ಮರ ಯಾವ ಮಗು ಬೇಕಾದ್ರೂ ಬರೆಯೋ ಅಂಥದ್ದು. ಆ ಪುಸ್ತಕ ಕೇಂಬ್ರಿಡ್ಜ್ ಲೈಬ್ರರಿಯಿಂದ ಕಳೆದುಹೋಗಿ, 2022ರಲ್ಲಿ ಯಾರೋ ಪಿಂಕ್ ಗಿಫ್ಟ್ ಬ್ಯಾಗಲ್ಲಿ ಇಟ್ಟು ಹೋದಾಗ ಪ್ರಪಂಚದ ಪೇಪರ್‌ಗಳೆಲ್ಲ ಬರೆದವು.

ಪೇಪರ್ ಅಂದಮೇಲೆ ಇನ್ನೊಂದು, ನಿಮ್ಮ ವೃತ್ತಿಯವರದ್ದೇ. ಊರೂರು ಸುತ್ತಿ ಎದುರಿಗೆ ಕೂತು ಸ್ಕೆಚ್ ಮಾಡೋ 'ಅರ್ಬನ್ ಸ್ಕೆಚರ್ಸ್' ಅನ್ನೋ ಬಳಗವನ್ನ 2007ರಲ್ಲಿ ಶುರು ಮಾಡಿದ್ದು ಗೇಬ್ರಿಯಲ್ ಕ್ಯಾಂಪನಾರಿಯೋ ಅನ್ನೋ ಪತ್ರಕರ್ತರು, ಸಿಯಾಟಲ್ ಟೈಮ್ಸ್‌ನಲ್ಲಿದ್ದವರು. ಅವರ ಕಾಲಂನಲ್ಲಿ ಊರಿನ ಚಿತ್ರ, ಜೊತೆಗೆ ಅಲ್ಲಿ ಸಿಕ್ಕ ಜನರ ಮಾತು, ಎರಡೂ ಇರ್ತಿತ್ತು. ನಮ್ಮ ಕನ್ನಡ ಪೇಪರ್‌ಗಳಿಗೆ ಇದು ಆಗದ ಕೆಲಸ ಏನಲ್ಲ.

ಚಿತ್ರ ತಾನೇ ಮಾತಾಡ್ಬೇಕು, ಪಕ್ಕದಲ್ಲಿ ಬರೆದ್ರೆ ಕೆಡುತ್ತೆ ಅಂತ ಡ್ರಾಯಿಂಗ್ ಮೇಷ್ಟ್ರೊಬ್ರು ನನ್ನ ಹತ್ರ ವಾದ ಮಾಡಿದ್ರು. ಗೋಡೆಗೆ ಹಾಕೋ ಚಿತ್ರಕ್ಕೆ ಒಪ್ಪೋಣ. ಸ್ಕೆಚ್‌ಬುಕ್ ಗೋಡೆ ಅಲ್ಲವಲ್ಲ, ಅದು ನೋಡಿದ್ದನ್ನ ಮರೆಯದಂಗೆ ಇಟ್ಕೊಳೋ ಜಾಗ. ಹಂಗಂತ ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಓಡಾಡ್ತಿರೋ ಪುಟಗಳನ್ನೂ ನಾನು ಮೆಚ್ಚಲ್ಲ, ಮೂಲೇಲಿ ಒಂದು ಎಲೆ, ಮಧ್ಯ ಇಷ್ಟುದ್ದ ಬಳುಕೋ ಅಕ್ಷರದಲ್ಲಿ 'ಕನಸು ಕಾಣು' ಅಂತ. ಎಲೆ ಯಾವ ಮರದ್ದು ಅಂತಾದ್ರೂ ಬರೀರಪ್ಪ.

ಬರೆಯೋರು ಕನ್ನಡದಲ್ಲೇ ಬರೀಲಿ. ಎಷ್ಟೋ ಜನ ಮಾತಾಡೋದೆಲ್ಲ ಕನ್ನಡ, ಸ್ಕೆಚ್ ಪಕ್ಕ ಮಾತ್ರ ಇಂಗ್ಲಿಷ್ ಕ್ಯಾಪಿಟಲ್ ಲೆಟರ್, ನೀಟಾಗಿ ಕಾಣುತ್ತೆ ಅಂತ. ನಿಜ, ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ದಪ್ಪ ಪೆನ್ನಲ್ಲಿ ಸಣ್ಣಕ್ಕೆ ಬರೆದ್ರೆ ಎಲ್ಲ ಕಲಸಿಹೋಗುತ್ತೆ, ಅದಕ್ಕೆ ತೆಳು ತುದಿ ಪೆನ್ನು ತಗೊಂಡು ಸಾಲಿನ ಮಧ್ಯ ಸ್ವಲ್ಪ ಅಂತರ ಬಿಟ್ರೆ ಆಯ್ತು. ಇನ್ನೊಂದು, ಮೇಲೆ ವಾಟರ್ ಕಲರ್ ಹಚ್ಚೋದಿದ್ರೆ ಜೆಲ್ ಪೆನ್ ಬೇಡ, ನೀರು ತಾಕಿದ್ರೆ ಬಹಳಷ್ಟು ಜೆಲ್ ಪೆನ್ನಿನ ಇಂಕ್ ಬಿಟ್ಕೊಳುತ್ತೆ, ಸಾದಾ ಬಾಲ್ ಪೆನ್ನೋ ಪೆನ್ಸಿಲ್ಲೋ ಸಾಕು. ಪುಸ್ತಕಕ್ಕೂ ದುಡ್ಡು ಸುರಿಯೋದು ಬೇಡ, ಗೆರೆ ಇಲ್ಲದ ಲಾಂಗ್ ಬುಕ್ ಎಲ್ಲ ಅಂಗಡೀಲೂ ಸಿಗುತ್ತೆ. ತಾರೀಖು, ಹೊತ್ತು, ಜಾಗ ಮೊದಲು ಹಾಕಿಬಿಡ್ಲಿ. ಆಮೇಲೆ ಚಿತ್ರದಲ್ಲಿ ಬರೋಕಾಗದ್ದು, ವಾಸನೆ, ಸದ್ದು, ಪಕ್ಕದಲ್ಲಿದ್ದೋರು ಹೇಳಿದ್ದು, ತನಗೆ ಬಂದ ಅನುಮಾನ.

ಇನ್ನು ನನ್ನ ಕೋರಿಕೆ. ಚಿತ್ರ ಕಳಿಸಿ ಅಂತ ಆ ಪುಟದಲ್ಲಿ ಒಂದು ಬಾಕ್ಸ್ ಹಾಕ್ತೀರಲ್ಲ, ಅದರಲ್ಲಿ ಎರಡು ಸಾಲು ಸೇರಿಸಿ. ಒಂದು, ಏನನ್ನ ಯಾವಾಗ ಎಲ್ಲಿ ನೋಡಿ ಬರೆದಿದ್ದು ಅಂತ ಮಗು ತನ್ನ ಕೈಬರಹದಲ್ಲೇ ಚಿತ್ರದ ಪಕ್ಕ ಬರೀಬೇಕು, ಅಪ್ಪ ಅಮ್ಮ ಕಾಗುಣಿತ ತಿದ್ದೋದು ಬೇಡ. ಎರಡು, ಫೋಟೋ ತೆಗೆದು ಕಳಿಸೋವಾಗ ಅಂಚು ಕ್ರಾಪ್ ಮಾಡಬೇಡಿ. ನಿಮ್ಮ ಕಡೆ ಪುಟ ಕಟ್ಟೋರಿಗೂ ಇದೇ ಮಾತು ಹೇಳಿ, ಅವರ ಕೈಲೂ ಕತ್ತರಿ ಇರುತ್ತಲ್ಲ. ಜಾಗ ಸಾಲಲ್ಲ ಅಂದ್ರೆ ವಾರಕ್ಕೆ ಎರಡು ಚಿತ್ರ ಕಮ್ಮಿ ಹಾಕಿ, ಪರವಾಗಿಲ್ಲ, ಉಳಿದವು ಓದೋಕೆ ಬರೋಷ್ಟು ದೊಡ್ಡದಾಗಿ ಬರಲಿ. ಮೊದಲ ವಾರಕ್ಕೆ ಚಿತ್ರ ಸಿಗದಿದ್ರೆ ಹೇಳಿ, ನಮ್ಮ ಮನೇಲೊಂದು ಕೋಳಿ ಇದೆ, ಅಕ್ಕನ ಮಗಳ ಕೈಲಿ ಪಕ್ಕದಲ್ಲಿ ಮತ್ತೆ ಬರೆಸಿ ಕಳಿಸ್ತೀನಿ.

ಇಂತಿ ನಿಮ್ಮ ಓದುಗ,
ಶಿವಮೊಗ್ಗ